ಅಪ್ಪನ ಕಾಗದದ ಷೇರು ಅಮ್ಮನ ಡಿಮ್ಯಾಟ್‌ಗೆ ಬಂದದ್ದು

ಅಪ್ಪ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿದ್ದ ಹಳೆಯ ಷೇರು ಸರ್ಟಿಫಿಕೇಟ್‌ಗಳನ್ನು ಅಮ್ಮನ ಹೆಸರಿಗೆ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. 2023ರಲ್ಲಿ ಶುರು ಮಾಡಿದೆ. ಎಲ್ಲ ಮುಗಿಯುವಾಗ 2024 ಕೂಡ ಕೊನೆಗೆ ಬಂದಿತ್ತು. ನಡುವೆ ಯಾವ ಏಜೆಂಟನ್ನೂ ಹಿಡಿಯಲಿಲ್ಲ. ಈ ಕೆಲಸ ನಡೀತಿದೆ ಅಂತ ಗೊತ್ತಾದ ಕೂಡಲೇ ನೆಂಟರು, ಪಕ್ಕದ ಮನೆಯವರು ತಮ್ಮ ತಮ್ಮ ಫೈಲು ಹಿಡಿದು ಬಂದರು. ಎಷ್ಟೊಂದು ಮನೆಗಳ ಬೀರುಗಳಲ್ಲಿ ಇಂಥ ಕಾಗದ ಬಿದ್ದಿದೆ ಎಂದು ಆಗಲೇ ನನಗೆ ತಿಳಿದದ್ದು. ಅವರಿಗೆಲ್ಲ ಬಾಯಲ್ಲಿ ಹೇಳಿದ್ದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಅಪ್ಪ ಕೆಇಬಿಯಲ್ಲಿದ್ದರು. ಸಾಗರ, ಭದ್ರಾವತಿ, ಆಮೇಲೆ ಶಿವಮೊಗ್ಗ. 1992ರಲ್ಲಿ ಷೇರಿನ ಬೆಲೆಯನ್ನು ಸರ್ಕಾರವೇ ಗೊತ್ತು ಮಾಡುವ ಪದ್ಧತಿ ಹೋಯಿತು. ಅಲ್ಲಿಂದ ಮೂರು ನಾಲ್ಕು ವರ್ಷ ಪಬ್ಲಿಕ್ ಇಶ್ಯೂಗಳ ಸುಗ್ಗಿ. ಸಿಮೆಂಟ್, ಔಷಧ, ಗ್ರಾನೈಟ್, ಸೀಗಡಿ ಸಾಕಣೆ, ತೇಗದ ತೋಟ, ಲೀಸಿಂಗ್ ಎಂದು ಬಗೆಬಗೆಯ ಕಂಪನಿಗಳು ಜನರ ಹತ್ತಿರ ದುಡ್ಡು ಕೇಳಿಕೊಂಡು ಬಂದವು. ಆಫೀಸಿನಲ್ಲಿ ಯಾರೋ ಒಬ್ಬರು ಅರ್ಜಿ ಫಾರಂ ತಂದರೆ ನಾಲ್ಕು ಜನ ತುಂಬಿ ಚೆಕ್ ಹಚ್ಚುತ್ತಿದ್ದರು. ಅಪ್ಪನೂ ಅವರಲ್ಲಿ ಒಬ್ಬರು.

ಫೈಲಿನಲ್ಲಿ ಮೂರು ಕಂಪನಿಗಳ ಸರ್ಟಿಫಿಕೇಟ್ ಇದ್ದವು: ಒಂದು ಗ್ರಾನೈಟ್, ಒಂದು ಸಿಮೆಂಟ್, ಒಂದು ಔಷಧ. ನೋಡದವರಿಗಾಗಿ ಹೇಳುತ್ತೇನೆ. ಸ್ಟಾಂಪ್ ಪೇಪರಿನಂತೆ ಅಂಚಿಗೆಲ್ಲ ಚಿತ್ತಾರ ಇರುವ ದಪ್ಪ ಕಾಗದ ಅದು. ಮೇಲೆ ಫೋಲಿಯೋ ನಂಬರ್ (ಕಂಪನಿಯ ಪುಸ್ತಕದಲ್ಲಿ ಷೇರುದಾರರ ಖಾತೆಯ ಸಂಖ್ಯೆ), ಸರ್ಟಿಫಿಕೇಟ್ ನಂಬರ್, ಕೆಳಗೆ ಷೇರುದಾರರ ಹೆಸರು. ಪ್ರತಿ ಷೇರಿಗೂ ಒಂದೊಂದು ಕ್ರಮಸಂಖ್ಯೆ ಇರುತ್ತಿತ್ತು, ಇಂಥದ್ದರಿಂದ ಇಂಥದ್ದರವರೆಗೆ ಎಂದು ಅದನ್ನೂ ಹಾಕಿರುತ್ತಾರೆ. ಮುಖಬೆಲೆ 10 ರೂಪಾಯಿ. ಮೂಲೆಯಲ್ಲಿ ಕಂಪನಿಯ ಉಬ್ಬು ಮುದ್ರೆ, ಬೆರಳಾಡಿಸಿದರೆ ಕೈಗೆ ಸಿಗುತ್ತದೆ. ಹಿಂಬದಿಯಲ್ಲಿ ಯಾರಿಂದ ಯಾರಿಗೆ ವರ್ಗವಾಯಿತು ಎಂದು ಬರೆಯಲು ಖಾಲಿ ಕೋಷ್ಟಕ. ಅಪ್ಪನ ಕಾಗದಗಳ ಹಿಂಬದಿ ಪೂರ್ತಿ ಖಾಲಿ. ಕೊಂಡಿದ್ದನ್ನು ಅವರು ಮಾರಲೇ ಇಲ್ಲ.

2019ರ ಏಪ್ರಿಲ್ 1ರಿಂದ ಕಾಗದದ ಷೇರನ್ನು ಇನ್ನೊಬ್ಬರಿಗೆ ಮಾರಿ ವರ್ಗ ಮಾಡಲು ಆಗುವುದಿಲ್ಲ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಅದನ್ನು ನಿಲ್ಲಿಸಿದೆ. ಆದರೆ ತೀರಿಕೊಂಡವರ ಷೇರು ವಾರಸುದಾರರಿಗೆ ಬರಲು ಅಡ್ಡಿಯಿಲ್ಲ. ಇದಕ್ಕೆ ಟ್ರಾನ್ಸ್‌ಮಿಷನ್ ಎನ್ನುತ್ತಾರೆ. 'ಹಳೇ ಷೇರು ಈಗ ನಡೆಯಲ್ಲವಂತೆ' ಎಂದುಕೊಂಡು ಕಾಗದವನ್ನು ರದ್ದಿಗೆ ಹಾಕಲು ಹೊರಟವರನ್ನು ನಾನೇ ನೋಡಿದ್ದೇನೆ. ದಯವಿಟ್ಟು ಹಾಕಬೇಡಿ. ಕಾಗದ ಹಳೆಯದಾದರೂ ಹಕ್ಕು ಹಾಗೇ ಇರುತ್ತದೆ.

ಮೊದಲು ಮಾಡಿದ ಕೆಲಸ, ಈ ಕಂಪನಿಗಳು ಬದುಕಿವೆಯೋ ಇಲ್ಲವೋ ಎಂದು ನೋಡಿದ್ದು. ಹಳೆಯ ಹೆಸರು ಹಾಕಿದರೆ ಎಷ್ಟೋ ಸಲ ಏನೂ ಸಿಗುವುದಿಲ್ಲ. ಕಂಪನಿ ಹೆಸರು ಬದಲಿಸಿರಬಹುದು, ಬೇರೆಯದರಲ್ಲಿ ವಿಲೀನವಾಗಿರಬಹುದು. ಕಂಪನಿ ವ್ಯವಹಾರಗಳ ಸಚಿವಾಲಯದ ಎಂಸಿಎ ಪೋರ್ಟಲ್‌ನಲ್ಲಿ ಕಂಪನಿಯ ಸ್ಥಿತಿಗತಿ ಪುಕ್ಕಟೆ ನೋಡಬಹುದು. ಗ್ರಾನೈಟ್ ಕಂಪನಿಯ ಮುಂದೆ 'ಸ್ಟ್ರೈಕ್ ಆಫ್' ಎಂದಿತ್ತು. ಅಂದರೆ ನೋಂದಣಿಯೇ ಹೋಗಿದೆ. ತೊಂಬತ್ತರ ದಶಕದಲ್ಲಿ ಹೀಗೆ ದುಡ್ಡೆತ್ತಿ ಮಾಯವಾದ ಕಂಪನಿಗಳು ಎಷ್ಟಿದ್ದವು ಎಂದರೆ, ಅವನ್ನು ಹುಡುಕಲೆಂದೇ 1999ರಲ್ಲಿ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಬೇಕಾಯಿತು. ಆ ಸರ್ಟಿಫಿಕೇಟನ್ನು ಪಕ್ಕಕ್ಕಿಟ್ಟೆ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಹಳೆಯ ಷೇರಿನ ಮಾತು ಬಂದಾಗಲೆಲ್ಲ ಯಾರಾದರೂ ಇನ್ಫೋಸಿಸ್ ಕಥೆ ತೆಗೆಯುತ್ತಾರೆ. 1993ರಲ್ಲಿ ಅದು 95 ರೂಪಾಯಿಗೆ ಷೇರು ಕೊಟ್ಟಿತ್ತು, ಆಗ ನೂರು ತಗೊಂಡಿದ್ದರೆ ಅಂತ. ಆದರೆ ಆ ಇಶ್ಯೂಗೆ ಪೂರ್ತಿ ಅರ್ಜಿ ಕೂಡ ಬಂದಿರಲಿಲ್ಲ ಎನ್ನುವುದನ್ನು ಯಾರೂ ಹೇಳುವುದಿಲ್ಲ. ಅಪ್ಪನಂಥವರ ಕಣ್ಣಿಗೆ ಆಗ ಇನ್ಫೋಸಿಸ್ ಫಾರಮೂ ಗ್ರಾನೈಟ್ ಕಂಪನಿ ಫಾರಮೂ ಹೆಚ್ಚುಕಡಿಮೆ ಒಂದೇ. ಅವರ ಮೂರರಲ್ಲಿ ಒಂದು ಸೊನ್ನೆಯಾಯಿತು, ಎರಡು ಉಳಿದವು. ಸಾಮಾನ್ಯ ಹೂಡಿಕೆದಾರರ ನಿಜವಾದ ಲೆಕ್ಕ ಇಂಥದ್ದು ಎಂದೇ ನನಗೆ ಅನ್ನಿಸುತ್ತದೆ. ಇವತ್ತು ಐಪಿಒ, ಅಂದರೆ ಅದೇ ಪಬ್ಲಿಕ್ ಇಶ್ಯೂ, ಬಂತೆಂದರೆ ಮೊಬೈಲಿನಲ್ಲೇ ಅರ್ಜಿ ಹಾಕುವವರೂ ಈ ಲೆಕ್ಕ ನೆನಪಿಟ್ಟುಕೊಳ್ಳಬೇಕು.

ಉಳಿದ ಎರಡು ಕಂಪನಿಗಳ ವೆಬ್‌ಸೈಟಿನಲ್ಲಿ ಹೂಡಿಕೆದಾರರ ಪುಟಕ್ಕೆ ಹೋದರೆ ರಿಜಿಸ್ಟ್ರಾರ್ ಯಾರು ಎಂದು ಇರುತ್ತದೆ. ಆರ್‌ಟಿಎ ಎಂದು ಕರೆಯುವುದು ಇವರನ್ನೇ. ಷೇರುದಾರರ ಪಟ್ಟಿ, ಸಹಿ, ವಿಳಾಸ ಎಲ್ಲ ಇವರ ಹತ್ತಿರ. ಹಳೆಯ ಕವರಿನ ಮೇಲಿರುವ ಹೆಸರನ್ನೇ ನಂಬಬೇಡಿ. ಕಾರ್ವಿ ಕಂಪ್ಯೂಟರ್‌ಶೇರ್ ಎಂದಿದ್ದದ್ದು ಈಗ ಕೆಫಿನ್ ಟೆಕ್ನಾಲಜೀಸ್ ಆಗಿದೆ. ಲಿಂಕ್ ಇನ್‌ಟೈಮ್ ಈಗ ಎಂಯುಎಫ್‌ಜಿ ಇನ್‌ಟೈಮ್. ಫೋಲಿಯೋ ನಂಬರ್ ಹಾಕಿ ಸರಳವಾಗಿ ಮೂರು ಪ್ರಶ್ನೆ ಬರೆದು ಮೇಲ್ ಮಾಡಿದೆ. ಈ ಫೋಲಿಯೋದಲ್ಲಿ ಇವತ್ತಿಗೆ ಎಷ್ಟು ಷೇರುಗಳಿವೆ? ಪಡೆಯದೆ ಉಳಿದ ಡಿವಿಡೆಂಡ್ (ಲಾಭಾಂಶ) ಎಷ್ಟು? ಏನಾದರೂ ಸರ್ಕಾರದ ಐಇಪಿಎಫ್ ನಿಧಿಗೆ ಹೋಗಿದೆಯೇ?

ಉತ್ತರ ಬಂದಾಗ ಎರಡು ಷೇರುಗಳ ಹಣೆಬರಹ ಬೇರೆ ಬೇರೆಯಾಗಿತ್ತು. ಸಿಮೆಂಟ್ ಕಂಪನಿಯ 100 ಷೇರು ಹಾಗೇ ಇದ್ದವು. ಡಿವಿಡೆಂಡ್ ಕೂಡ ಅಪ್ಪನ ಬ್ಯಾಂಕ್ ಖಾತೆಗೆ ತಪ್ಪದೆ ಬರುತ್ತಿತ್ತು. ಔಷಧ ಕಂಪನಿಯ ಕಥೆ ಹಾಗಲ್ಲ. ಅಪ್ಪನ ಕೈಲಿದ್ದದ್ದು 50 ಷೇರಿನ ಕಾಗದ. ಆಮೇಲೆ ಕಂಪನಿ 10 ರೂಪಾಯಿಯ ಷೇರನ್ನು 2 ರೂಪಾಯಿಯ ಐದು ಷೇರು ಮಾಡಿತ್ತು. ಅಲ್ಲಿಗೆ 250. ಮುಂದೆ ಒಂದಕ್ಕೊಂದು ಬೋನಸ್, ಅಂದರೆ ಇರುವ ಒಂದು ಷೇರಿಗೆ ಇನ್ನೊಂದು ಪುಕ್ಕಟೆ, ಕೊಟ್ಟಿತ್ತು. ಅಲ್ಲಿಗೆ 500. ಹೊಸ ಸರ್ಟಿಫಿಕೇಟ್, ಡಿವಿಡೆಂಡ್ ವಾರಂಟ್ ಎಲ್ಲವನ್ನೂ ಸಾಗರದ ಕ್ವಾರ್ಟರ್ಸ್ ವಿಳಾಸಕ್ಕೇ ಕಳಿಸಿದ್ದರು. ನಾವು ಅಲ್ಲಿಂದ ಬಿಟ್ಟು ಎಷ್ಟೋ ವರ್ಷ ಆಗಿತ್ತು. ಕವರುಗಳು ವಾಪಸ್ ಹೋದವು.

ಕಂಪನಿ ಕಾಯ್ದೆಯಲ್ಲಿ ಒಂದು ನಿಯಮವಿದೆ. ಸತತ 7 ವರ್ಷ ಡಿವಿಡೆಂಡ್ ಪಡೆಯದೆ ಇದ್ದರೆ ಆ ಡಿವಿಡೆಂಡಿನ ಜೊತೆಗೆ ಷೇರೂ ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತದೆ. ಐಇಪಿಎಫ್ ಎಂದರೆ ಅದೇ. 2017ರಿಂದ ಹೀಗೆ ಷೇರುಗಳು ದೊಡ್ಡ ಪ್ರಮಾಣದಲ್ಲಿ ಅಲ್ಲಿಗೆ ಹೋಗಿವೆ. ಹೋದದ್ದನ್ನು ಕೇಳಿ ವಾಪಸ್ ಪಡೆಯಬಹುದು. ಅರ್ಜಿಗೆ ಶುಲ್ಕವೂ ಇಲ್ಲ. ಐಇಪಿಎಫ್ ವೆಬ್‌ಸೈಟಿನಲ್ಲಿ ಹೆಸರು ಅಥವಾ ಫೋಲಿಯೋ ನಂಬರ್ ಹಾಕಿ ನಿಮ್ಮ ಮನೆಯವರದ್ದು ಅಲ್ಲಿದೆಯೇ ಎಂದು ಹುಡುಕಬಹುದು. ಇದನ್ನು ಓದಿದ ಮೇಲೆ ಒಂದು ಕೆಲಸ ಮಾತ್ರ ಮಾಡುವುದಾದರೆ ಅದನ್ನು ಮಾಡಿ.

ಕಾಗದಪತ್ರದ ಕೆಲಸ ಆರಂಭವಾದದ್ದು ಹೆಸರಿನಿಂದ. ನಮ್ಮ ಕಡೆಯ ಹೆಸರಿಗೆ ಸರ್‌ನೇಮ್ ಇರುವುದಿಲ್ಲ, ಇನಿಷಿಯಲ್ ಇರುತ್ತದೆ. ಷೇರಿನಲ್ಲಿ ಅಪ್ಪನ ಹೆಸರಿನ ಮುಂದೆ ಒಂದೇ ಇನಿಷಿಯಲ್. ಪ್ಯಾನ್ ಕಾರ್ಡಿನಲ್ಲಿ ಅದು ಬಿಡಿಸಿಕೊಂಡು ಊರಿನ ಹೆಸರು ಪೂರ್ತಿ. ಮರಣ ಪ್ರಮಾಣಪತ್ರದಲ್ಲಿ ಇನಿಷಿಯಲ್ ಹೆಸರಿನ ಹಿಂದಕ್ಕೆ ಹೋಗಿದೆ. ಮನುಷ್ಯ ಒಬ್ಬರೇ, ಕಾಗದದ ಮೇಲೆ ಮೂವರು. ಮುಂಬೈಯಲ್ಲೋ ಹೈದರಾಬಾದಿನಲ್ಲೋ ಕೂತು ಫೈಲು ನೋಡುವವರಿಗೆ ಇದು ಅರ್ಥವಾಗಬೇಕು ಅಂದರೆ ಹೇಗೆ? ಅದಕ್ಕೆ ಇರುವ ದಾರಿ, ಈ ಮೂರೂ ಹೆಸರು ಒಬ್ಬರದೇ ಎಂದು ಅಮ್ಮ ಇ-ಸ್ಟಾಂಪ್ ಕಾಗದದ ಮೇಲೆ ಅಫಿಡವಿಟ್ ಮಾಡಿ ನೋಟರಿ ಮಾಡಿಸುವುದು. ಮೂರೂ ರೂಪಗಳನ್ನು ಒಂದಕ್ಷರ ಬಿಡದೆ, ಚುಕ್ಕೆ ಸಮೇತ ಟೈಪ್ ಮಾಡಿಸಿದೆ.

ಅಪ್ಪ ನಾಮಿನಿ ಹಾಕಿರಲಿಲ್ಲ. ಆ ಕಾಲದ ಫಾರಂ ತುಂಬುವಾಗ ಯಾರೂ ಅದನ್ನು ಅಷ್ಟು ಗಮನಿಸುತ್ತಿರಲಿಲ್ಲ. ನಾಮಿನಿ ಇದ್ದರೆ ಅರ್ಜಿ, ಮೂಲ ಸರ್ಟಿಫಿಕೇಟ್, ಮರಣ ಪ್ರಮಾಣಪತ್ರ, ನಾಮಿನಿಯ ಪ್ಯಾನ್, ಇಷ್ಟರಲ್ಲಿ ಬಹುಪಾಲು ಮುಗಿಯುತ್ತದೆ. ಇಲ್ಲದಿದ್ದರೆ ಎಲ್ಲ ವಾರಸುದಾರರೂ ಬರಬೇಕು. ಒಂದು ಕಂಪನಿಯ ಕಾಗದದ ಷೇರಿನ ಬೆಲೆ 5 ಲಕ್ಷದೊಳಗಿದ್ದರೆ ದಾರಿ ಸ್ವಲ್ಪ ಸುಲಭ: ಉಳಿದ ವಾರಸುದಾರರಿಂದ ತಕರಾರಿಲ್ಲ ಎಂಬ ಪತ್ರ (ಎನ್‌ಒಸಿ), ಅಫಿಡವಿಟ್, ಮುಂದೆ ನಷ್ಟವಾದರೆ ತುಂಬಿಕೊಡುತ್ತೇವೆ ಎಂಬ ಇಂಡೆಮ್ನಿಟಿ ಬಾಂಡ್. ಅದಕ್ಕಿಂತ ಜಾಸ್ತಿಯಾದರೆ ಕೋರ್ಟಿನ ಉತ್ತರಾಧಿಕಾರ ಪ್ರಮಾಣಪತ್ರ, ಪ್ರೊಬೇಟ್ ಆದ, ಅಂದರೆ ಕೋರ್ಟು ದೃಢೀಕರಿಸಿದ ಉಯಿಲು ಅಥವಾ ಸರ್ಕಾರದ ವಾರಸುದಾರರ ಪ್ರಮಾಣಪತ್ರದಂಥ ದಾಖಲೆ ಬೇಕು. ನಮ್ಮ ಎರಡೂ 5 ಲಕ್ಷದೊಳಗೇ ಇದ್ದವು. ಆದರೂ ಇರಲಿ ಎಂದು ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ವಂಶವೃಕ್ಷ ಮಾಡಿಸಿಕೊಂಡೆ. ಷೇರಿಗೆ ಮಾತ್ರವಲ್ಲ, ಮನೆ ಖಾತೆ ಬದಲಾವಣೆಗೂ ಅದು ಬೇಕಾಯಿತು.

ಅಕ್ಕ ಮಸ್ಕತ್‌ನಲ್ಲಿದ್ದಾಳೆ. ಅಲ್ಲಿಂದಲೇ ಎನ್‌ಒಸಿ ಕೊಡುವುದಾದರೆ ರಾಯಭಾರ ಕಚೇರಿಗೆ ಹೋಗಿ ದೃಢೀಕರಣ ಮಾಡಿಸಬೇಕಿತ್ತು. ದಸರಾ ರಜೆಗೆ ಊರಿಗೆ ಬರುವವಳಿದ್ದಳು. ಅಲ್ಲಿಯವರೆಗೆ ಕಾದೆವು. ಅವಳು ಬಂದ ಮರುದಿನವೇ ನೋಟರಿ ಮುಂದೆ ನಾವಿಬ್ಬರೂ ಸಹಿ ಹಾಕಿದೆವು. ವಿದೇಶದಲ್ಲಿ ಮಕ್ಕಳಿರುವವರು ಈ ಲೆಕ್ಕವನ್ನು ಮೊದಲೇ ಹಾಕಿಕೊಂಡರೆ ಓಡಾಟ ಎಷ್ಟೋ ಉಳಿಯುತ್ತದೆ.

ಅತ್ಯಂತ ನಾಜೂಕಿನ ಕೆಲಸ ಅಮ್ಮನ ಸಹಿಯದು. ಐಎಸ್‌ಆರ್-2 ಎಂಬ ಫಾರಂ ಇದೆ. ಅದರಲ್ಲಿ ಅರ್ಜಿದಾರರ ಸಹಿಯನ್ನು ಬ್ಯಾಂಕಿನವರು ದೃಢೀಕರಿಸಬೇಕು. ಅಧಿಕಾರಿಯ ಹೆಸರು, ಹುದ್ದೆ, ನೌಕರ ಸಂಖ್ಯೆ, ಸೀಲು ಎಲ್ಲ ಇರಬೇಕು. ಅಮ್ಮ ಕನ್ನಡದಲ್ಲಿ ಸಹಿ ಹಾಕುತ್ತಾರೆ. ಖಾತೆ ತೆರೆದಾಗ ಹಾಕಿದ ಸಹಿ ದುಂಡಗೆ, ನಿಧಾನವಾಗಿ ಬರೆದದ್ದು. ಈಗ ಕೈ ಸ್ವಲ್ಪ ನಡುಗುತ್ತದೆ, ಕೊನೆಯ ಒತ್ತಕ್ಷರ ಕೆಳಗೆ ಜಾರುತ್ತದೆ. ಬ್ಯಾಂಕಿಗೆ ಹೋಗುವ ಮೊದಲು ಅಮ್ಮ ಊಟದ ಮೇಜಿನ ಮೇಲೆ ಹಳೆಯ ಕ್ಯಾಲೆಂಡರಿನ ಹಿಂಬದಿ ಹರವಿಕೊಂಡು ಸಹಿ ಬರೆಯುತ್ತ ಕೂತರು.

"ಏನೋ ಇದು, ಈ ವಯಸ್ಸಲ್ಲಿ ಕಾಪಿ ತಿದ್ದೋ ಹಾಗಾಯ್ತಲ್ಲೋ."

"ಅವಸರ ಇಲ್ಲಮ್ಮ. ನಿನಗೆ ಹೇಗೆ ಬರುತ್ತೋ ಹಾಗೆ ಹಾಕು. ಎಲ್ಲ ಕಡೆ ಒಂದೇ ಥರ ಇದ್ದರೆ ಸಾಕು."

ಬ್ಯಾಂಕಿನಲ್ಲಿದ್ದ ಅಧಿಕಾರಿ ಹುಡುಗಿ ಕಂಪ್ಯೂಟರಿನಲ್ಲಿದ್ದ ಹಳೆಯ ಸಹಿ ತೆಗೆದು ನೋಡಿದಳು. ಫಾರಂ ನೋಡಿದಳು. ಮತ್ತೆ ಕಂಪ್ಯೂಟರ್ ನೋಡಿದಳು. "ಅಮ್ಮ, ಮೊದಲು ನಿಮ್ಮ ಸಹಿಯನ್ನ ಬ್ಯಾಂಕಲ್ಲೇ ಅಪ್‌ಡೇಟ್ ಮಾಡಿಬಿಡೋಣ. ಆಮೇಲೆ ಇದರ ಮೇಲೆ ನಾನು ಧೈರ್ಯವಾಗಿ ಸೀಲ್ ಹಾಕಬಹುದು" ಎಂದಳು. ಹೊಸ ಸಹಿಯ ಕಾರ್ಡ್ ತೆಗೆದುಕೊಂಡಳು, ಅದು ಸಿಸ್ಟಂನಲ್ಲಿ ಬಂದ ಮೇಲೆ ಫಾರಂ ದೃಢೀಕರಿಸಿ ಕೊಟ್ಟಳು. ವಯಸ್ಸಾದವರಿದ್ದ ಮನೆಯಲ್ಲಿ ಇದನ್ನೇ ಮೊದಲು ಮಾಡಿ ಎಂದು ಈಗ ಎಲ್ಲರಿಗೂ ಹೇಳುತ್ತೇನೆ. ಆ ಹುಡುಗಿಯ ತಾಳ್ಮೆಗೆ ನಾವು ಋಣಿ.

ಅಮ್ಮನ ಹೆಸರಿಗೆ ಡಿಮ್ಯಾಟ್ ಖಾತೆಯನ್ನೂ ತೆರೆದೆವು. ಷೇರನ್ನು ಕಾಗದವಿಲ್ಲದೆ ಕಂಪ್ಯೂಟರಿನಲ್ಲೇ ಇಡುವ ಖಾತೆ ಅದು. ಖಾತೆಯ ವಿವರವೆಲ್ಲ ಇರುವ ಕ್ಲೈಂಟ್ ಮಾಸ್ಟರ್ ಲಿಸ್ಟ್ ಎಂಬ ಒಂದು ಹಾಳೆಯನ್ನು ಸೀಲು ಹಾಕಿಸಿ ತರಬೇಕು. ಇದು ಎಲ್ಲ ಕಡೆ ಕೇಳುವ ಕಾಗದ, ಎರಡು ಮೂರು ಪ್ರತಿ ಇಟ್ಟುಕೊಳ್ಳಿ. ಟ್ರಾನ್ಸ್‌ಮಿಷನ್ ಅರ್ಜಿ ಐಎಸ್‌ಆರ್-5, ಕೆವೈಸಿಗೆ (ಗುರುತು, ವಿಳಾಸದ ವಿವರಕ್ಕೆ) ಐಎಸ್‌ಆರ್-1, ನಾಮಿನಿಗೆ ಎಸ್‌ಎಚ್-13. ಎಲ್ಲ ಫಾರಂಗಳೂ ಆರ್‌ಟಿಎ ವೆಬ್‌ಸೈಟಿನಲ್ಲೇ ಸಿಗುತ್ತವೆ. ಮೂಲ ಸರ್ಟಿಫಿಕೇಟಿನ ಎರಡೂ ಬದಿ ಸ್ಕ್ಯಾನ್ ಮಾಡಿಟ್ಟುಕೊಂಡು, ಕವರಿಂಗ್ ಲೆಟರಿನಲ್ಲಿ ಒಳಗಿರುವ ಪ್ರತಿ ಕಾಗದವನ್ನೂ ಕ್ರಮವಾಗಿ ಬರೆದು ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ.

ಸಿಮೆಂಟ್ ಕಂಪನಿಯ ಕಡೆಯಿಂದ ಒಂದು ಆಕ್ಷೇಪಣೆ ಬಂತು. ಮರಣ ಪ್ರಮಾಣಪತ್ರದ ಪ್ರತಿಗೆ ನೋಟರಿ ಸೀಲು ಸರಿಯಾಗಿ ಮೂಡಿಲ್ಲವಂತೆ. ಇನ್ನೊಂದು ಪ್ರತಿ ಮಾಡಿಸಿ ಕಳಿಸಿದೆವು. ಆಮೇಲೆ ಬಂದದ್ದು 'ಲೆಟರ್ ಆಫ್ ಕನ್ಫರ್ಮೇಶನ್'. 2022ರಲ್ಲಿ ಸೆಬಿ ಮಾಡಿದ ನಿಯಮದಂತೆ ನಮಗೆ ಹೊಸ ಸರ್ಟಿಫಿಕೇಟ್ ಬರಲಿಲ್ಲ, ಈ ಪತ್ರ ಬಂತು. ಅದಕ್ಕೆ ಆಗ 120 ದಿನದ ಗಡುವಿತ್ತು. ಅಷ್ಟರೊಳಗೆ ಡಿಮ್ಯಾಟ್ ಖಾತೆ ಇರುವ ಕಡೆ, ಅಂದರೆ ಡಿಪಿಗೆ, ಡಿಮ್ಯಾಟ್ ವಿನಂತಿ ಫಾರಂ ಜೊತೆ ಕೊಡಬೇಕಿತ್ತು. ಕೊಡದಿದ್ದರೆ ಷೇರು ಕಂಪನಿಯ ಸಸ್ಪೆನ್ಸ್ ಖಾತೆಗೆ ಹೋಗಿ ಕೂರುತ್ತಿತ್ತು, ಅಲ್ಲಿಂದ ತರಲು ಮತ್ತೆ ಅರ್ಜಿ ಹಾಕಬೇಕಿತ್ತು. ಪತ್ರ ಬಂದ ವಾರದಲ್ಲೇ ಕೊಟ್ಟೆವು. ಒಂದು ಸಂಜೆ ಅಮ್ಮನ ಮೊಬೈಲಿಗೆ 100 ಷೇರು ಜಮೆಯಾಗಿದೆ ಎಂದು ಮೆಸೇಜ್ ಬಂತು.

ಔಷಧ ಕಂಪನಿಯ 500 ಷೇರಿಗೆ ದಾರಿ ಉದ್ದ. ಅಲ್ಲೂ ವಾರಸುದಾರರ ಕಾಗದಗಳೇ ಮೊದಲು. ಅವನ್ನು ನೋಡಿ ಕಂಪನಿ ಒಂದು 'ಎಂಟೈಟಲ್‌ಮೆಂಟ್ ಲೆಟರ್' ಕೊಡುತ್ತದೆ. ಐಇಪಿಎಫ್‌ಗೆ ಹೋಗಿರುವ ಇಷ್ಟು ಷೇರಿಗೆ, ಇಷ್ಟು ಡಿವಿಡೆಂಡಿಗೆ ಇವರು ಹಕ್ಕುದಾರರು ಎಂದು ಅದರಲ್ಲಿರುತ್ತದೆ. ಅದು ಕೈಗೆ ಬಂದ ಮೇಲೆ ಎಂಸಿಎ ಪೋರ್ಟಲ್‌ನಲ್ಲಿ ಐಇಪಿಎಫ್-5 ಫಾರಂ ತುಂಬಬೇಕು. ಒಂದು ಕಂಪನಿಗೆ ಒಂದು ಆರ್ಥಿಕ ವರ್ಷದಲ್ಲಿ ಒಂದೇ ಒಟ್ಟು ಅರ್ಜಿ. ಹಾಗಾಗಿ ಷೇರು, ಡಿವಿಡೆಂಡ್ ಎರಡನ್ನೂ ಅದರಲ್ಲೇ ಕೇಳಬೇಕು, ಲೆಟರಿನಲ್ಲಿರುವ ಅಂಕಿಗಳನ್ನು ಹಾಗೆ ಹಾಗೇ ಹಾಕಬೇಕು. ನಾನು ತುಂಬುವಾಗ ಅಕ್ಕ ಪಕ್ಕದಲ್ಲಿ ಕೂತು ಒಂದೊಂದೇ ಸಾಲು ಓದಿ ಹೇಳಿದಳು. ಸಲ್ಲಿಸಿದರೆ ಎಸ್‌ಆರ್‌ಎನ್ ಎಂಬ ಅರ್ಜಿಯ ಗುರುತು ಸಂಖ್ಯೆ ಬರುತ್ತದೆ. ಫಾರಂ ಪ್ರಿಂಟ್, ಇಂಡೆಮ್ನಿಟಿ ಬಾಂಡ್, ರೆವೆನ್ಯೂ ಸ್ಟಾಂಪ್ ಹಚ್ಚಿದ ಮುಂಗಡ ರಸೀದಿ, ಆಧಾರ್, ರದ್ದು ಮಾಡಿದ ಚೆಕ್, ಎಲ್ಲ ಸೇರಿಸಿ ಐಇಪಿಎಫ್ ಅರ್ಜಿ ನೋಡಿಕೊಳ್ಳುವ ಕಂಪನಿಯ ನೋಡಲ್ ಅಧಿಕಾರಿಗೆ ಕಳಿಸಿದೆವು. ಕವರಿನ ಮೇಲೆ ಇದು ಐಇಪಿಎಫ್ ಹಕ್ಕಿನ ಅರ್ಜಿ ಎಂದು ದಪ್ಪ ಅಕ್ಷರದಲ್ಲಿ ಬರೆಯಬೇಕು. ಕಂಪನಿ ಪರಿಶೀಲಿಸಿ ಐಇಪಿಎಫ್ ಪ್ರಾಧಿಕಾರಕ್ಕೆ ವರದಿ ಹಾಕುತ್ತದೆ, ಅಲ್ಲಿ ಒಪ್ಪಿದ ಮೇಲೆ ಷೇರು ನೇರ ಡಿಮ್ಯಾಟ್‌ಗೆ, ಡಿವಿಡೆಂಡ್ ಬ್ಯಾಂಕಿಗೆ.

ಕಾಯುವಾಗಲೇ ಒಬ್ಬ ಏಜೆಂಟ್ ಫೋನ್ ಮಾಡಿದ್ದ. ನಮ್ಮ ಹೆಸರು, ಷೇರಿನ ಸಂಖ್ಯೆ ಎಲ್ಲ ಅವನಿಗೆ ಗೊತ್ತಿತ್ತು. ಡಿವಿಡೆಂಡ್ ಪಡೆಯದ ಷೇರುದಾರರ ಪಟ್ಟಿಯನ್ನು ಕಂಪನಿಗಳು ವೆಬ್‌ಸೈಟಿನಲ್ಲಿ ಹಾಕಲೇಬೇಕು, ಅಲ್ಲಿಂದ ತೆಗೆದಿದ್ದ. ಬಂದದ್ದರಲ್ಲಿ ಶೇ 20 ಕೊಟ್ಟರೆ ತಾನೇ ಮಾಡಿಸುತ್ತೇನೆ, ಖಾಲಿ ಫಾರಂಗಳಿಗೆ ಅಮ್ಮನ ಸಹಿ ಹಾಕಿಸಿ ಕೊಡಿ ಎಂದ. ಬೇಡ ಎಂದೆ. ವಯಸ್ಸಾದವರು ಒಬ್ಬರೇ ಇದ್ದರೆ ನೆರವು ಬೇಕಾಗಬಹುದು, ಅದಕ್ಕೆ ನ್ಯಾಯವಾದ ಶುಲ್ಕ ಕೊಡುವುದರಲ್ಲಿ ತಪ್ಪಿಲ್ಲ. ಆದರೆ ಖಾಲಿ ಕಾಗದಕ್ಕೆ ಸಹಿ ಯಾವ ಕಾರಣಕ್ಕೂ ಹಾಕಬಾರದು. ಕಂಪನಿ ಅಥವಾ ಆರ್‌ಟಿಎ ಉತ್ತರ ಕೊಡದಿದ್ದರೆ ಸೆಬಿಯ ಸ್ಕೋರ್ಸ್ ಪೋರ್ಟಲ್‌ನಲ್ಲಿ ಪುಕ್ಕಟೆ ದೂರು ಕೊಡಬಹುದು.

ಎರಡೂ ಬಂದ ಮೇಲೆ ಏನು ಮಾಡುವುದು ಎಂಬ ಮಾತು ಬಂತು. ಅಪ್ಪನ ನೆನಪಿಗೆ ಇಟ್ಟುಕೊಳ್ಳೋಣ ಎಂದಳು ಅಕ್ಕ. ಅಮ್ಮನದು ಬೇರೆ ಯೋಚನೆ. "ನೆನಪಿಗೆ ಫೋಟೋ ಇದೆಯಲ್ಲೇ. ನನ್ನ ಮಂಡಿ ಆಪರೇಷನ್‌ಗೆ ದುಡ್ಡು ಬೇಕು" ಎಂದರು. ಅದೇ ಸರಿ ಅನ್ನಿಸಿತು. ಔಷಧ ಕಂಪನಿಯದನ್ನು ಮಾರಿದೆವು. 2023ರ ಜನವರಿಯಿಂದ ಎಲ್ಲ ಷೇರಿಗೂ ಮಾರಿದ ಮರು ಕೆಲಸದ ದಿನವೇ ಲೆಕ್ಕ ತೀರುವ ವ್ಯವಸ್ಥೆ ಬಂದಿದೆ. ತೆರಿಗೆಯ ವಿಷಯಕ್ಕೆ ಬಂದರೆ, ವಾರಸಾಗಿ ಬಂದಾಗ ತೆರಿಗೆ ಇಲ್ಲ, ಮಾರಿದಾಗ ಮಾತ್ರ. ಅಪ್ಪ ಕೊಂಡ ದಿನದಿಂದಲೇ ಅವಧಿ ಲೆಕ್ಕ, ಹಾಗಾಗಿ ಇದು ದೀರ್ಘಾವಧಿ ಲಾಭ. 2018ರ ಜನವರಿ 31ಕ್ಕಿಂತ ಹಿಂದಿನ ಷೇರಿಗೆ ಆ ದಿನದ ಬೆಲೆಯನ್ನೇ ಕೊಂಡ ಬೆಲೆಯಾಗಿ ಹಿಡಿಯಬಹುದು, ಮಾರಿದ ಬೆಲೆ ಅದಕ್ಕಿಂತ ಜಾಸ್ತಿ ಇದ್ದಾಗ. ಮೂಲ ಬೆಲೆಯ ರಸೀದಿ ಸಿಗದೆ ಪೇಚಾಡುವವರಿಗೆ ಇದು ದೊಡ್ಡ ಅನುಕೂಲ. 2024ರ ಜುಲೈ 23ರ ಮೇಲೆ ಮಾರಿದ್ದರಿಂದ 1.25 ಲಕ್ಷ ದಾಟಿದ ಲಾಭಕ್ಕೆ ಶೇ 12.5 ದರ ನಮಗೆ ಅನ್ವಯವಾಯಿತು. ಸಿಮೆಂಟ್ ಷೇರು ಹಾಗೇ ಇದೆ, ಅಕ್ಕನೂ ನಾನೂ ಅದಕ್ಕೆ ನಾಮಿನಿ.

ಈಗ ಚಿಕ್ಕಪ್ಪನ ಫೈಲು ನನ್ನ ಮೇಜಿನ ಮೇಲಿದೆ. ಅವರದ್ದೂ ಅದೇ ಕಾಲದ ಕಾಗದ, ಅದೇ ಸಿಮೆಂಟ್ ಕಂಪನಿ. ಆದರೆ ಅವರು ನಮ್ಮೊಡನಿದ್ದಾರೆ, ಸಹಿ ಅವರೇ ಹಾಕಬಹುದು. ವಾರಸುದಾರರ ಪತ್ರ, ಎನ್‌ಒಸಿ, ನಾಡಕಚೇರಿ ಯಾವುದೂ ಬೇಡ. ಐಎಸ್‌ಆರ್-1, ಬ್ಯಾಂಕಿನ ಸೀಲು ಬಿದ್ದ ಐಎಸ್‌ಆರ್-2, ನಾಮಿನಿ ಫಾರಂ ಕೊಟ್ಟು ಕೆವೈಸಿ ಸರಿ ಮಾಡಿಸಿದರೆ, ಮೂಲ ಸರ್ಟಿಫಿಕೇಟನ್ನು ನೇರ ಡಿಪಿಗೆ ಕೊಡಬಹುದು. ಕೆವೈಸಿ ಮಾತ್ರ ಬೇಗ ಆಗಬೇಕು, ಏಕೆಂದರೆ 2024ರ ಏಪ್ರಿಲ್‌ನಿಂದ ಕೆವೈಸಿ ಇಲ್ಲದ ಕಾಗದದ ಫೋಲಿಯೋಗಳಿಗೆ ಡಿವಿಡೆಂಡ್ ತಡೆಹಿಡಿಯುತ್ತಾರೆ. ಚಿಕ್ಕಪ್ಪನಿಗೆ ಒಂದೇ ಅನುಮಾನ, "ಮೂವತ್ತು ವರ್ಷದ ಹಿಂದಿನ ಸಹಿ ಈಗ ಬರುತ್ತೇನೋ?" ಅದಕ್ಕೇ ಸೋಮವಾರ ಮೊದಲು ಬ್ಯಾಂಕಿಗೆ ಹೋಗುತ್ತಿದ್ದೇವೆ, ಹೊಸ ಸಹಿಯ ಕಾರ್ಡ್ ಕೊಡಲು.